ಬೆಂಗಳೂರಿನ ತಾರಸಿಯಿಂದ ಗ್ರಹಗಳ ಛಾಯಾಗ್ರಹಣ: 127 ಮಿ.ಮೀ. ಮಕ್ಸುಟೋವ್ ಮತ್ತು ಹಳೆಯ ಡಿಎಸ್‌ಎಲ್‌ಆರ್, ದೀರ್ಘ ಬಳಕೆಯ ನಂತರ

ವಿಜಯನಗರದ ನಮ್ಮ ಮನೆಯ ತಾರಸಿಯಲ್ಲಿ 2020ರಿಂದ ಬಳಸುತ್ತಿರುವ 127 ಮಿಲಿಮೀಟರ್ ವ್ಯಾಸದ ಮಕ್ಸುಟೋವ್ (ಕನ್ನಡಿ ಮತ್ತು ಮಸೂರ ಎರಡನ್ನೂ ಬಳಸುವ) ದೂರದರ್ಶಕ ಮತ್ತು ಅದರ ಹಿಂಬದಿಗೆ ಜೋಡಿಸುವ ಕ್ಯಾನನ್ 550ಡಿ ಡಿಎಸ್‌ಎಲ್‌ಆರ್ (ಮಸೂರ ಬಿಚ್ಚಿ ಬದಲಿಸಬಹುದಾದ) ಕ್ಯಾಮೆರಾ ಕುರಿತ ವಿಮರ್ಶೆ ಇದು. ಗ್ರಹಗಳ ಚಿತ್ರ ತೆಗೆಯಲು ಊರು ಬಿಟ್ಟು ಕತ್ತಲೆಯ ಜಾಗಕ್ಕೆ ಹೋಗಲೇಬೇಕೆಂಬ ನಂಬಿಕೆ ಅನೇಕರಲ್ಲಿದೆ. ನೀಹಾರಿಕೆ, ಗೆಲಾಕ್ಸಿಗಳ ಮಟ್ಟಿಗೆ ಅದು ನಿಜ. ಆದರೆ ಗುರು, ಶನಿ, ಮಂಗಳಗಳಿಗೆ ಬೀದಿದೀಪಗಳ ಬೆಳಕು ಅಡ್ಡಿಯಾಗದು. ಅವುಗಳ ಚಿತ್ರವನ್ನು ಕೆಡಿಸುವುದು ಗಾಳಿಯ ಕದಲಿಕೆ, ಮತ್ತು ಆ ವಿಷಯದಲ್ಲಿ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಊರಿಗೆ ದೊಡ್ಡ ಅನುಕೂಲವಿದೆ. 2020ರಲ್ಲಿ ಗುರುಗ್ರಹವು ಲಂಡನ್ನಿನವರಿಗೆ ದಿಗಂತದಿಂದ ಸುಮಾರು 16 ಡಿಗ್ರಿಯಷ್ಟೇ ಮೇಲೇರುತ್ತಿದ್ದಾಗ ನಮಗೆ ಸುಮಾರು 55 ಡಿಗ್ರಿ ಎತ್ತರದಲ್ಲಿ ಸಿಗುತ್ತಿತ್ತು. 2024ರ ಡಿಸೆಂಬರ್ 7ರಂದು ಅದು ಸೂರ್ಯನಿಗೆ ಎದುರಾಗಿ ಬಂದಾಗಲಂತೂ ನಡುರಾತ್ರಿ ನಮ್ಮ ನೆತ್ತಿಯ ಹತ್ತಿರವೇ ಹಾದುಹೋಯಿತು. ಗ್ರಹ ಮೇಲಿದ್ದಷ್ಟೂ ಅದರ ಬೆಳಕು ದಾಟಬೇಕಾದ ವಾಯುಪದರ ತೆಳುವಾಗಿರುತ್ತದೆ.

550ಡಿ 2010ರಲ್ಲಿ ಬಂದ ಕ್ಯಾಮೆರಾ. ಗ್ರಹದ ಚಿತ್ರಕ್ಕೆ ವಿಡಿಯೊ ತೆಗೆದು ಅದರ ಒಳ್ಳೆಯ ಫ್ರೇಮ್‌ಗಳನ್ನು ಒಂದುಗೂಡಿಸುವುದರಿಂದ ಅದರ 18 ಮೆಗಾಪಿಕ್ಸೆಲ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೆಲೆಬಾಳುವುದು ಅದರ 640×480 ಕ್ರಾಪ್ ವಿಡಿಯೊ ಸೌಲಭ್ಯ: ಸೆನ್ಸರಿನ ನಡುಭಾಗವನ್ನಷ್ಟೇ, ಕುಗ್ಗಿಸದೆ, ಸೆಕೆಂಡಿಗೆ 60 ಫ್ರೇಮ್‌ಗಳಂತೆ ದಾಖಲಿಸುತ್ತದೆ. ದೂರದರ್ಶಕದ ಸಂಗಮದೂರ 1500 ಮಿಲಿಮೀಟರ್. ಅದಕ್ಕೆ ಎರಡು ಪಟ್ಟಿನ ಬಾರ್ಲೋ ಮಸೂರ (ಸಂಗಮದೂರವನ್ನು ಹಿಗ್ಗಿಸುವ ಮಸೂರ) ಸೇರಿಸಿದರೆ ಸಂಗಮದೂರಕ್ಕೂ ವ್ಯಾಸಕ್ಕೂ ಇರುವ ಅನುಪಾತ ಹೆಚ್ಚುಕಡಿಮೆ ಎಫ್/24 ಆಗುತ್ತದೆ, ಒಂದೊಂದು ಪಿಕ್ಸೆಲ್‌ಗೆ ಆಕಾಶದ 0.3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ) ಬೀಳುತ್ತದೆ. ಈ ವ್ಯಾಸದ ದೂರದರ್ಶಕ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು 0.9 ಆರ್ಕ್‌ಸೆಕೆಂಡ್. ಅದಕ್ಕೆ ಮೂರು ಪಿಕ್ಸೆಲ್ ಸಿಗುವುದರಿಂದ ಇದು ತಕ್ಕ ಅಳತೆ. ಇದಕ್ಕಿಂತ ಹಿಗ್ಗಿಸಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಹಾಗಾಗಿ ಮೂರು, ಐದು ಪಟ್ಟಿನ ಬಾರ್ಲೋಗಳಿಗೆ ಈ ಜೋಡಿಯಲ್ಲಿ ಹಣ ಹಾಕಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ನೆತ್ತಿಯ ಮೇಲೆ ಗ್ರಹ ಸಿಗುವ ಭಾಗ್ಯವೇ ಸ್ಟ್ಯಾಂಡಿಗೆ ಕಷ್ಟ ತರುತ್ತದೆ. ಕೊಳವೆಯನ್ನು ನೇರ ಮೇಲಕ್ಕೆತ್ತಿದಾಗ ಹಿಂದೆ ಚಾಚಿಕೊಂಡ ಕ್ಯಾಮೆರಾ ಮುಕ್ಕಾಲಿಯ ಕಾಲಿಗೆ ತಾಗುತ್ತದೆ. ನಡುವೆ ಒಂದು ಎತ್ತರಿಸುವ ಕಂಬ ಹಾಕಿಸಿದ ಮೇಲೆ ನನಗೆ ಈ ತೊಂದರೆ ತಪ್ಪಿತು. ಅದೂ ಅಲ್ಲದೆ, ಅಡ್ಡ-ಉದ್ದ ತಿರುಗುವ ಮೋಟಾರು ಸ್ಟ್ಯಾಂಡ್ ನೆತ್ತಿಯ ಬಳಿಯಲ್ಲಿ ಅಡ್ಡಕ್ಕೆ ತುಂಬಾ ವೇಗವಾಗಿ ತಿರುಗಬೇಕಾಗಿ ಬಂದು ಗ್ರಹ ಚೌಕಟ್ಟಿನಿಂದ ಜಾರುತ್ತದೆ. ಗ್ರಹವು 60ರಿಂದ 70 ಡಿಗ್ರಿ ಎತ್ತರದಲ್ಲಿರುವಾಗಲೇ ಕೆಲಸ ಮುಗಿಸುವುದು ಒಳ್ಳೆಯದು. ಧ್ರುವ ನಕ್ಷತ್ರಕ್ಕೆ ಹೊಂದಿಸುವ ಸ್ಟ್ಯಾಂಡ್ ಇದಕ್ಕಿಂತ ಉತ್ತಮವಲ್ಲವೇ ಎಂದು ಕೇಳಬಹುದು. ಆದರೆ ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿದ್ದು, ನಮ್ಮ ಬಡಾವಣೆಯಲ್ಲಿ ಅದು ಅಪಾರ್ಟ್‌ಮೆಂಟುಗಳ ಹಿಂದೆ ಮರೆಯಾಗಿದೆ.

ಫೋಕಸ್ ಮಾಡುವುದಕ್ಕೆ ತಾಳ್ಮೆ ಬೇಕು. ಮಕ್ಸುಟೋವ್ ವಿನ್ಯಾಸದಲ್ಲಿ ಫೋಕಸ್ ಗುಂಡಿ ತಿರುಗಿಸಿದಾಗ ಒಳಗಿನ ಮುಖ್ಯ ಕನ್ನಡಿಯೇ ಸರಿಯುವುದರಿಂದ ಗ್ರಹ ಪರದೆಯ ಮೇಲೆ ಸ್ವಲ್ಪ ಅತ್ತಿತ್ತ ಜರುಗುತ್ತದೆ. ಲೈವ್ ವ್ಯೂ (ಕ್ಯಾಮೆರಾ ಪರದೆಯ ಮೇಲಿನ ನೇರ ನೋಟ) 10 ಪಟ್ಟು ಹಿಗ್ಗಿಸಿ, ಗುರುವಿನ ಪಟ್ಟೆಗಳನ್ನು ಬಿಟ್ಟು ಅದರ ಉಪಗ್ರಹವೊಂದು ಅತಿ ಸಣ್ಣ ಚುಕ್ಕಿಯಾಗುವವರೆಗೆ ಹೊಂದಿಸುವುದು ಹೆಚ್ಚು ಖಚಿತ.

ಇಷ್ಟೆಲ್ಲ ಸರಿಯಿದ್ದರೂ ಫಲಿತಾಂಶವನ್ನು ನಿರ್ಧರಿಸುವುದು ಆ ರಾತ್ರಿಯ ಗಾಳಿಯೇ. ಮಳೆ ತೊಳೆದ ಸ್ವಚ್ಛ ಆಕಾಶದಲ್ಲಿ ನಕ್ಷತ್ರಗಳು ಜೋರಾಗಿ ಮಿನುಗುತ್ತಿದ್ದರೆ, ಅದು ಗಾಳಿ ಕದಲುತ್ತಿರುವ ಗುರುತಾದ್ದರಿಂದ, ನಾನು ಕ್ಯಾಮೆರಾ ಹೊರತೆಗೆಯುವುದೇ ಇಲ್ಲ. ಚಳಿಗಾಲದ ತೆಳು ಮಂಜಿನ, ಗಾಳಿಯಾಡದ ರಾತ್ರಿಗಳಲ್ಲಿ ಶನಿಯ ಬಳೆಗಳ ನಡುವಿನ ಕ್ಯಾಸಿನಿ ಅಂತರ ಸ್ಪಷ್ಟವಾಗಿ ನಿಂತಿದ್ದುಂಟು. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿ ಬಹಳ ಹೊತ್ತಿನವರೆಗೆ ಶಾಖ ಬಿಡುತ್ತಿರುವುದರಿಂದ ಹತ್ತು ಗಂಟೆಗೆ ಮುಂಚಿನ ಚಿತ್ರಗಳು ಕಾದ ಕಾವಲಿಯ ಮೇಲಿನ ಗಾಳಿಯಲ್ಲಿ ನೋಡಿದಂತೆ ನಡುಗುತ್ತವೆ. ದೂರದರ್ಶಕವನ್ನೂ ಮುಕ್ಕಾಲು ಗಂಟೆ ಮೊದಲೇ ಹೊರಗಿಟ್ಟು ತಣಿಸಬೇಕು, ಮುಂಭಾಗದ ಗಾಜಿಗೆ ಇಬ್ಬನಿ ಕೂರದಂತೆ ಫೋಮ್ ಹಾಳೆಯ ಮರೆಯನ್ನೂ ಸುತ್ತಬೇಕು.

ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಒಂದು ವಿಡಿಯೊ ಎರಡು ನಿಮಿಷ ಮೀರಬಾರದು. ಮೀರಿದರೆ ಮೇಲ್ಮೈಯ ವಿವರ ಕಲಸಿಹೋಗುತ್ತದೆ. ಅಷ್ಟರಲ್ಲೇ 7,200 ಫ್ರೇಮ್‌ಗಳು ಸಿಗುತ್ತವೆ. ಅವುಗಳಲ್ಲಿ ಚೆನ್ನಾಗಿರುವ ಕಾಲು ಭಾಗವನ್ನು ಆಟೊಸ್ಟಾಕರ್ಟ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿ, ರೆಜಿಸ್ಟಾಕ್ಸ್‌ನಲ್ಲಿ ಹದವಾಗಿ ಚುರುಕುಗೊಳಿಸುತ್ತೇನೆ. ಎರಡೂ ಉಚಿತ.

ಈ ಕ್ಯಾಮೆರಾದ ಮಿತಿ ಇರುವುದು ಕಡತ ಚಿಕ್ಕದಾಗಲೆಂದು ಸಂಕುಚಿತಗೊಂಡ ವಿಡಿಯೊದಲ್ಲಿ. ಗುರುವಿನ ಮಹಾ ಕೆಂಪು ಮಚ್ಚೆ, ಪಟ್ಟೆಗಳ ಅಂಚಿನ ಏರಿಳಿತ ಚೆನ್ನಾಗಿ ಬರುತ್ತವೆ. ಮಂಗಳದ ಮಸುಕಾದ ಛಾಯೆಗಳಲ್ಲಿ ಮಾತ್ರ ಸೂಕ್ಷ್ಮ ವ್ಯತ್ಯಾಸ ಅಳಿಸಿಹೋಗುತ್ತದೆ. 2025ರ ಜನವರಿಯಲ್ಲಿ ಮಂಗಳ ಸಮೀಪ ಬಂದಾಗಲೂ ಅದರ ಅಗಲ 15 ಆರ್ಕ್‌ಸೆಕೆಂಡ್ ಮುಟ್ಟಲಿಲ್ಲ, ಅಂದರೆ ನನ್ನ ಚಿತ್ರದಲ್ಲಿ ಐವತ್ತು ಪಿಕ್ಸೆಲ್‌ಗಿಂತ ಕಡಿಮೆ. ಮಂಗಳವೇ ನಿಮ್ಮ ಗುರಿಯಾಗಿದ್ದರೆ ಸಂಕುಚಿಸದೆ ದಾಖಲಿಸುವ, ಗ್ರಹಗಳಿಗೆಂದೇ ಮಾಡಿದ ಕ್ಯಾಮೆರಾ ಕೊಳ್ಳಿ. ಗುರು, ಶನಿಗಳಿಗಾದರೆ, ಮನೆಯಲ್ಲಿರುವ ಡಿಎಸ್‌ಎಲ್‌ಆರ್‌ನಲ್ಲಿ ಕ್ರಾಪ್ ವಿಡಿಯೊ ಇದೆಯೇ ಎಂದು ಮೊದಲು ನೋಡಿ, ಉಳಿದ ಹಣವನ್ನು ಗಟ್ಟಿಯಾದ ಸ್ಟ್ಯಾಂಡಿಗೆ ಹಾಕಿ.