ಫೋರ್ಜರಿ ಕೇಸು: ಪ್ಲೀ ಬಾರ್ಗೇನಿಂಗಾ, ಡಿಸ್ಚಾರ್ಜಾ, ರಾಜಿನಾ?

ಗೋಕಾಕದ ಹೊಲದ ಜಗಳ, ನಕಲಿ ಸಹಿ ಅಂತ ಅಣ್ಣನೇ ಕೇಸು ಹಾಕಿದ್ದಾನೆ, ಪ್ಲೀ ಬಾರ್ಗೇನಿಂಗ್ (ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತುಕತೆ) ಮಾಡಿದರೆ ಕೇಸು ಸಣ್ಣ ಸೆಕ್ಷನ್‌ಗೆ ಇಳಿಯುತ್ತಾ ಅಂತ ಕೇಳಿದ್ದೀರಿ. ಇಳಿಯಲ್ಲ. ಅಮೆರಿಕದ ಹಾಗಲ್ಲ ಇದು, ನಮ್ಮಲ್ಲಿ ಇಳಿಯುವುದು ಶಿಕ್ಷೆ ಮಾತ್ರ.

ಮೊದಲು ಚಾರ್ಜ್‌ಶೀಟ್ ತೆಗೆದು ನೋಡಿ. ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 336(3), ಅಂದರೆ ಮೋಸಕ್ಕಾಗಿ ನಕಲಿ ದಾಖಲೆ, ಗರಿಷ್ಠ 7 ವರ್ಷ, ಪ್ಲೀ ಬಾರ್ಗೇನಿಂಗ್‌ನ ಮಿತಿಯೂ ಅಷ್ಟೇ, ಹಾಗಾಗಿ ಅರ್ಜಿ ಹಾಕಬಹುದು. ಖರೀದಿ ಪತ್ರವೇ ನಕಲಿ ಅಂತ 338 ಹಾಕಿದ್ದರೆ ಅದು ಜೀವಾವಧಿವರೆಗೂ ಹೋಗುವ ಸೆಕ್ಷನ್, ಪ್ಲೀ ಬಾರ್ಗೇನಿಂಗ್ ಮಾತೇ ಇಲ್ಲ. ಆಗ ಡಿಸ್ಚಾರ್ಜ್ ಅರ್ಜಿಯಲ್ಲಿ (ವಿಚಾರಣೆಗೆ ಮುಂಚೆಯೇ ಆರೋಪ ಕೈಬಿಡಿ ಅಂತ ಕೇಳುವುದು) 338 ಕೈಬಿಡಿಸಲು ಆಗುತ್ತಾ ಅಂತ ವಕೀಲರು ನೋಡಬೇಕು.

ಸಮಯ? ಚಾರ್ಜ್ ಫ್ರೇಮ್ ಆದ (ಕೋರ್ಟ್ ಆರೋಪ ನಿಗದಿ ಮಾಡಿದ) 30 ದಿನದೊಳಗೆ ಪ್ಲೀ ಬಾರ್ಗೇನಿಂಗ್ ಅರ್ಜಿ, ಆಮೇಲೆ ಮಾತುಕತೆಗೆ 60 ದಿನ. ಬೇಗ ಮುಗಿಯುತ್ತದೆ. ಮೊದಲ ಸಲದ ತಪ್ಪಾದರೆ ಆರನೇ ಒಂದು ಪಾಲು ಶಿಕ್ಷೆ ಕೊಡಬಹುದು, 7 ವರ್ಷಕ್ಕೆ 14 ತಿಂಗಳು. ಆದರೆ ಅಪರಾಧಿ ಅನ್ನೋ ಹಣೆಪಟ್ಟಿ ಉಳಿಯುತ್ತದೆ, ಮಾಮೂಲಿ ಅಪೀಲೂ ಇಲ್ಲ. ಸರ್ಕಾರಿ ನೌಕರಿ ಇದ್ದವರು ಸುಮ್ನೆ ಆತುರ ಪಡಬೇಡಿ.

ಅಣ್ಣ ಮಾತಿಗೆ ಬರುತ್ತಾನೆ ಅಂದ್ರೆ ರಾಜಿ ಮಾಡಿಕೊಂಡು ಹೈಕೋರ್ಟ್‌ನಲ್ಲಿ ಕ್ವಾಷ್, ಅಂದರೆ ಕೇಸನ್ನೇ ರದ್ದು ಮಾಡಿ ಅಂತ ಕೇಳಿ. ಫೋರ್ಜರಿ ಕೆಳಗಿನ ಕೋರ್ಟಿನಲ್ಲಿ ರಾಜಿಯಾಗುವ ಅಪರಾಧ ಅಲ್ಲ, ಅದಕ್ಕೇ ಹೈಕೋರ್ಟ್. ಮನೆಯೊಳಗಿನ ಆಸ್ತಿ ಜಗಳಕ್ಕೆ ಇದೇ ಒಳ್ಳೇದು ಅಂತ ನನಗನ್ನಿಸುತ್ತೆ, ಕಲೆಯೇ ಉಳಿಯಲ್ಲ. ಖರ್ಚು ಜಾಸ್ತಿ, ಗ್ಯಾರಂಟಿಯೂ ಇಲ್ಲ. ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ವಿಜಯಪುರದವರಾದರೆ ಕಲಬುರಗಿ ಪೀಠಕ್ಕೆ ಹೋಗಬೇಕು.