ಹೇರ್ ಲಾಸ್ ಬ್ಲಡ್ ಟೆಸ್ಟ್ ಪ್ಯಾಕೇಜ್: ಸರ್ವೀಸ್ ಓಕೆ, ಪ್ಯಾಕೇಜ್ ಬೇಡ

ನನ್ನ ತಮ್ಮನಿಗೆ ಅಲೋಪೀಶಿಯಾ ಏರಿಯೇಟಾ, ಅಂದ್ರೆ ಮೈಯ ರೋಗನಿರೋಧಕ ಶಕ್ತಿನೇ ಕೂದಲ ಮೇಲೆ ದಾಳಿ ಮಾಡೋ ಆಟೋಇಮ್ಯೂನ್ ಕಾಯಿಲೆ, ತಲೆ ಹಿಂದ್ಗಡೆ ರೌಂಡಾಗಿ ಕೂದಲು ಹೋಗಿ ಚರ್ಮ ನುಣ್ಣಗೆ ಆಗಿದೆ. ಅದಕ್ಕೇ ಅಂತ ಒಂದು ಲ್ಯಾಬ್‌ನವರ ಆಪ್‌ನಲ್ಲಿ 'ಆಟೋಇಮ್ಯೂನ್ ಹೇರ್ ಲಾಸ್' ಪ್ಯಾಕೇಜ್ ಬುಕ್ ಮಾಡಿದ್ವಿ. ಬೆಳಗ್ಗೆ ಹೇಳಿದ ಟೈಮಿಗೇ ಹುಡುಗ ಬಂದ, ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಅಂದ ತಮ್ಮ, ಸಂಜೆಗೆಲ್ಲ ರಿಪೋರ್ಟ್ ಬಂತು. ಅಷ್ಟರ ಮಟ್ಟಿಗೆ ಪೂರ್ತಿ ಮಾರ್ಕ್ಸ್.

ಆದ್ರೆ ಪ್ಯಾಕೇಜ್‌ನಲ್ಲಿ ಮೇಲ್ಗಡೆ ದೊಡ್ಡದಾಗಿ ಹಾಕಿರೋದು ಸಿಆರ್‌ಪಿ, ಇಎಸ್‌ಆರ್ ಅನ್ನೋ ಎರಡು ರಕ್ತದ ಟೆಸ್ಟ್. ಇವು ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅಂತ ಮಾತ್ರ ಹೇಳೋದು, ನೆಗಡಿ ಜ್ವರ ಬಂದ್ರೂ ಏರುತ್ತೆ, ಹಲ್ಲಲ್ಲಿ ಕೀವು ಆದ್ರೂ ಏರುತ್ತೆ. ಈ ಕಾಯಿಲೇಲಿ ಟಿ ಸೆಲ್‌ಗಳು (ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳು) ದಾಳಿ ಮಾಡೋದು ಕೂದಲ ಬುಡದಲ್ಲಿ, ಹಾಗಾಗಿ ತಲೇಲಿ ಪ್ಯಾಚ್ ಹರಡ್ತಾ ಇದ್ರೂ ರಕ್ತದಲ್ಲಿ ಸಿಆರ್‌ಪಿ ನಾರ್ಮಲ್ ಇರಬಹುದು. ನಮ್ಮದೂ ನಾರ್ಮಲ್, ಅದರ ಕೆಳಗೆ 'ಇನ್‌ಫ್ಲಮೇಶನ್ ಇಲ್ಲ' ಅಂತ ಹಸಿರು ಗುರುತು ಬೇರೆ! ಇದನ್ನ ನೋಡಿ ಯಾರಾದ್ರೂ ಟ್ರೀಟ್‌ಮೆಂಟ್ ಬಿಟ್ರೆ ಗತಿ ಏನು? ಸ್ಕಿನ್ ಡಾಕ್ಟ್ರು ಡರ್ಮೋಸ್ಕೋಪ್ (ಚರ್ಮ, ಕೂದಲನ್ನ ದೊಡ್ಡದಾಗಿ ತೋರ್ಸೋ ಲೆನ್ಸ್) ಇಟ್ಟು ನೋಡಿ, ಬುಡದಲ್ಲಿ ಸಣ್ಣ ತುದೀಲಿ ದಪ್ಪ ಇರೋ ಮುರಿದ ಕೂದಲು ತೋರ್ಸಿದ್ರು, ಕಾಯಿಲೆ ಇನ್ನೂ ಆಕ್ಟಿವ್ ಇದೆ ಅಂತ ಗೊತ್ತಾಗಿದ್ದು ಅದ್ರಿಂದ.

ಸಿಆರ್‌ಪಿ ಪೂರ್ತಿ ವೇಸ್ಟ್ ಅಂತಲ್ಲ. ಮೈಯಲ್ಲಿ ಕಬ್ಬಿಣದಂಶ ಎಷ್ಟು ಕೂಡಿದೆ ಅಂತ ನೋಡೋ ಫೆರಿಟಿನ್ ಟೆಸ್ಟ್, ಉರಿಯೂತ ಇದ್ದಾಗ ತಾನೇ ಏರುತ್ತೆ, ಆಗ ಮೈಯಲ್ಲಿ ಕಬ್ಬಿಣದಂಶ ಕಮ್ಮಿ ಇದ್ರೂ ರಿಪೋರ್ಟ್‌ನಲ್ಲಿ ಸರಿ ಇದ್ದಂಗೆ ಕಾಣುತ್ತೆ, ಅದನ್ನ ಓದೋಕೆ ಪಕ್ಕದಲ್ಲಿ ಸಿಆರ್‌ಪಿ ಇದ್ರೆ ಒಳ್ಳೇದು. ಥೈರಾಯ್ಡ್ ಟೆಸ್ಟ್ ಕೂಡ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಈ ಕಾಯಿಲೆ ಇರೋರಲ್ಲಿ ಆಟೋಇಮ್ಯೂನ್ ಥೈರಾಯ್ಡ್ ತೊಂದ್ರೆ ಬೇರೆಯವರಿಗಿಂತ ಜಾಸ್ತಿ.

ನಂಗೆ ಸಿಟ್ಟು ಬಂದಿದ್ದು ಇಲ್ಲಿ. ತಮ್ಮ ದಿನಾ 10 ಮಿಗ್ರಾಂ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೋತಿದ್ದ, ಕೂದಲು ಉದುರೋರಲ್ಲಿ ತುಂಬಾ ಜನ ತಗೋತಾರೆ. ಬಯೋಟಿನ್ ಕೆಲವು ಟೆಸ್ಟ್ ಕಿಟ್‌ಗಳಲ್ಲಿ ಟಿಎಸ್‌ಎಚ್‌ನ (ಥೈರಾಯ್ಡ್ ಟೆಸ್ಟಲ್ಲಿ ನೋಡೋ ಹಾರ್ಮೋನ್) ಇರೋದಕ್ಕಿಂತ ಕಮ್ಮಿ ತೋರ್ಸುತ್ತೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೇರ್ ಲಾಸ್ ಅಂತಲೇ ಹೆಸರಿಟ್ಟು ಮಾರೋ ಪ್ಯಾಕೇಜ್, ಬಯೋಟಿನ್ ತಗೋತೀರಾ ಅಂತ ಬುಕಿಂಗ್‌ನಲ್ಲೂ ಕೇಳಲಿಲ್ಲ, ರಕ್ತ ತಗೊಳ್ಳೋವಾಗ್ಲೂ ಕೇಳಲಿಲ್ಲ. ಟಿಎಸ್‌ಎಚ್ ಕಮ್ಮಿ ಅಂತ ಬಂದು ಮನೇಲಿ ಎಲ್ರೂ ಗಾಬರಿ, ಡಾಕ್ಟ್ರು ಮಾತ್ರೆ ನಿಲ್ಸಿ ಮತ್ತೆ ಮಾಡ್ಸಿ ಅಂದ್ರು, ಆಮೇಲೆ ನಾರ್ಮಲ್ ಬಂತು.

ಪ್ಯಾಕೇಜ್ ತಗೋಬೇಡಿ, ಡಾಕ್ಟ್ರು ಬರೆದ ಟೆಸ್ಟ್ ಮಾತ್ರ ಬಿಡಿಬಿಡಿಯಾಗಿ ಬುಕ್ ಮಾಡಿ. ಬಯೋಟಿನ್ ತಗೋತಿದ್ರೆ ಎಷ್ಟು ದಿನ ಮುಂಚೆ ನಿಲ್ಲಿಸ್ಬೇಕು ಅಂತ ಅವರನ್ನೇ ಕೇಳಿ, ಕಮ್ಮಿ ಅಂದ್ರೂ 2 ದಿನ ಬೇಕು. ಕಸ್ಟಮರ್ ಕೇರ್‌ಗೆ ಈ ಪ್ರಶ್ನೆ ಫಾರ್ಮ್‌ನಲ್ಲಿ ಸೇರ್ಸಿ ಅಂತ ಬರೆದಿದ್ದೀನಿ, ಸೇರ್ಸಿದ್ರೆ ಇನ್ನೊಂದು ಸ್ಟಾರ್ ಕೊಡ್ತೀನಿ, ಸದ್ಯಕ್ಕೆ 5ಕ್ಕೆ 2.