ಮೂರೂವರೆ ವರ್ಷ ಓಡಿದ ಪೈ-ಹೋಲ್: ಟ್ರ್ಯಾಕರ್ ನಿಂತಿತು, ಇಣುಕುವ ಚಟ ನನಗೆ ಹತ್ತಿತು

ನಮ್ಮ ಮನೆಯ ರೌಟರ್ ಹಿಂದೆ, ಇಸ್ಪೀಟ್ ಕಟ್ಟಿನಷ್ಟು ದಪ್ಪದ ಒಂದು ಡಬ್ಬಿ ಮೂರೂವರೆ ವರ್ಷದಿಂದ ಕೂತಿದೆ. ಒಳಗಿರುವುದು 2 ಜಿಬಿ ರ‍್ಯಾಮಿನ ರಾಸ್ಪ್‌ಬೆರಿ ಪೈ 4. ಪುಟ್ಟ ಕಂಪ್ಯೂಟರ್ ಅದು. ಅದರಲ್ಲಿ ಓಡುತ್ತಿರುವುದು ಪೈ-ಹೋಲ್, ಜಾಹೀರಾತುಗಳನ್ನೂ ನಮ್ಮನ್ನು ಹಿಂಬಾಲಿಸಿ ಮಾಹಿತಿ ಕಲೆಹಾಕುವ ಟ್ರ್ಯಾಕರ್‌ಗಳನ್ನೂ ತಡೆಯುವ ತಂತ್ರಾಂಶ. ಹಾಕಿದ ವಾರಕ್ಕೇ ವಿಮರ್ಶೆ ಬರೆಯುವವರು ಬಹಳ ಜನ. ಅವರನ್ನು ನಂಬಿ ಹಾಕಿಸಿಕೊಂಡವನು ನಾನು. ಈಗ ಧೂಳು ಕೂತಿದೆ, ಎರಡು ಸಲ ಕೈಕೊಟ್ಟಿದೆ, ಹಾಗಾಗಿ ಬರೆಯಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ಫೋನಿಗೆ ಒಂದು ವೆಬ್‌ಸೈಟ್ ಬೇಕಾದಾಗ ಮೊದಲು ಅದರ ಹೆಸರು ಹೇಳಿ ವಿಳಾಸ ಕೇಳುತ್ತದೆ. ಆ ವಿಚಾರಣೆಯೇ ಡಿಎನ್‌ಎಸ್. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಪೈ-ಹೋಲನ್ನೇ ಕೇಳುವಂತೆ ರೌಟರ್‌ನಲ್ಲಿ ಒಂದು ಸಲ ಹೇಳಿಡಬೇಕು. ಕೇಳಿದ ಹೆಸರು ಜಾಹೀರಾತಿನದೋ ಟ್ರ್ಯಾಕರ್‌ನದೋ ಆಗಿದ್ದರೆ, ಅದು 0.0.0.0 ಅಂತ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಎಲ್ಲಿಗೂ ತಲುಪದ ವಿಳಾಸ ಅದು. ಜಾಹೀರಾತು ಡೌನ್‌ಲೋಡ್ ಆಗುವ ಪ್ರಶ್ನೆಯೇ ಇಲ್ಲ.

ಹಾಕುವುದಕ್ಕೆ ಅರ್ಧ ಗಂಟೆ ಸಾಕು. ಸರಿಯಾಗಿ ಹಾಕುವುದಕ್ಕೆ ನನಗೆ ಎರಡು ವಾರ ಬೇಕಾಯಿತು. ರೌಟರ್‌ನಲ್ಲಿ ಎರಡನೇ ಡಿಎನ್‌ಎಸ್ ಅಂತ ಒಂದು ಖಾನೆ ಇರುತ್ತದೆ, ಅಲ್ವಾ? ಪೈ ಕೆಟ್ಟರೆ ಇರಲಿ ಅಂತ ಅಲ್ಲಿ ಗೂಗಲ್‌ನ ಡಿಎನ್‌ಎಸ್ ವಿಳಾಸ 8.8.8.8 ತುಂಬಿದ್ದೆ. ಗಾಡಿಯ ಸ್ಟೆಪ್ನಿ ತರಹ ಅಂದುಕೊಂಡಿದ್ದೆ. ಆದರೆ ಎಷ್ಟೋ ಸಾಧನಗಳು ಮೊದಲನೆಯದು ಕೆಡುವವರೆಗೆ ಕಾಯುವುದೇ ಇಲ್ಲ, ಮನಸ್ಸು ಬಂದಾಗ ಎರಡನೆಯದನ್ನೇ ಕೇಳುತ್ತವೆ. ಅರ್ಧ ಜಾಹೀರಾತು ಬರುತ್ತಿತ್ತು, ಅರ್ಧ ಬರುತ್ತಿರಲಿಲ್ಲ. ಆ ಖಾನೆ ಖಾಲಿ ಮಾಡಿದ ಮೇಲೆ ಸರಿಹೋಯಿತು. ಹೊಸದಾಗಿ ಹಾಕುವವರು ಇದೊಂದನ್ನು ನೆನಪಿಡಿ.

ಕೆಲಸ ಹೇಗೆ ಮಾಡುತ್ತದೆ? ಫೋನಿನ ಆಟಗಳು, ಸುದ್ದಿ ಆ್ಯಪ್‌ಗಳು, ಟಿವಿಯ ಮುಖಪುಟ, ಇವೆಲ್ಲ ಗಮನಕ್ಕೆ ಬರುವಷ್ಟು ಹಗುರವಾದವು. ಬ್ರೌಸರ್‌ನಲ್ಲಿ ಮಾತ್ರ ಯುಬ್ಲಾಕ್ ಆರಿಜಿನ್ ಅನ್ನುವ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಈಗಲೂ ಇಟ್ಟುಕೊಂಡಿದ್ದೇನೆ. ವಿಡಿಯೋ ಬರುವ ಹೆಸರಿನಿಂದಲೇ ಜಾಹೀರಾತೂ ಬಂದರೆ ಪೈ-ಹೋಲ್ ಏನೂ ಮಾಡಲಾರದು. ಅದಕ್ಕೆ ಕಾಣುವುದು ಹೆಸರು ಮಾತ್ರ, ಪುಟದ ಒಳಗಿನದಲ್ಲ. ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಬೇರೆ ಸರ್ವರ್ ಹಾಕಿಕೊಂಡಿದ್ದರೂ ಅಷ್ಟೇ, ಆ ಫೋನು ಇದನ್ನು ದಾಟಿಕೊಂಡು ಹೋಗುತ್ತದೆ.

ಇನ್ನು ಎಷ್ಟು ವಿಚಾರಣೆ ತಡೆಯಿತು ಅಂತ ಪೈ-ಹೋಲ್ ಡ್ಯಾಶ್‌ಬೋರ್ಡ್ ತೋರಿಸುವ ಶೇಕಡಾವಾರು. ನಮ್ಮ ಮನೆಯಲ್ಲಿ ಸಾಮಾನ್ಯವಾಗಿ 15ರಿಂದ 20 ತೋರಿಸುತ್ತದೆ. ಒಂದು ದಿನ 40 ದಾಟಿತು. ಹಿಗ್ಗಿಹೋಗಿ ಸ್ಕ್ರೀನ್‌ಶಾಟ್ ತೆಗೆದೆ. ಆಮೇಲೆ ನೋಡಿದರೆ ಟಿವಿ ಒಂದೇ ಹೆಸರನ್ನು ಕೆಲವು ಸೆಕೆಂಡಿಗೊಮ್ಮೆ ಕೇಳುತ್ತಿತ್ತು. ಬಾಗಿಲು ತೆಗೆಯದಿದ್ದರೆ ತಟ್ಟುತ್ತಲೇ ಇರುವ ಜಾತಿ. ಅಂದಿನಿಂದ ಆ ಅಂಕಿಯನ್ನು ನಾನು ನಂಬುವುದಿಲ್ಲ.

ಎರಡು ಸಲ ಕೈಕೊಟ್ಟಿದೆ ಅಂದೆನಲ್ಲ. ಮೊದಲನೆಯದು ಮೆಮೊರಿ ಕಾರ್ಡ್. ಹದಿನಾಲ್ಕನೇ ತಿಂಗಳಿಗೆ ಸತ್ತಿತು. ಪ್ರತಿ ವಿಚಾರಣೆಯೂ ಲಾಗ್‌ಗೆ, ಅಂದರೆ ದಾಖಲೆ ಪಟ್ಟಿಗೆ, ಹೋಗುತ್ತದೆ, ಹಗಲೂ ರಾತ್ರಿ ಬರೆಸಿಕೊಳ್ಳುವ ಕೆಲಸ ಸಣ್ಣ ಕಾರ್ಡಿಗೆ ಒಗ್ಗದು. ಈಗ ಹಳೇ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯನ್ನು ಯುಎಸ್‌ಬಿಗೆ ಸಿಕ್ಕಿಸಿ ಅದರಿಂದಲೇ ಬೂಟ್ ಮಾಡುತ್ತಿದ್ದೇನೆ. ಆಮೇಲೆ ತೊಂದರೆಯಿಲ್ಲ. ಸೆಟ್ಟಿಂಗ್‌ಗಳನ್ನು ಒಂದೇ ಫೈಲಿನಲ್ಲಿ ಕಟ್ಟಿಕೊಡುವ ಟೆಲಿಪೋರ್ಟರ್ ಇದೆ, ತಿಂಗಳಿಗೊಮ್ಮೆ ಒತ್ತಿಟ್ಟುಕೊಳ್ಳಿ.

ಎರಡನೆಯದು ಸ್ವಾರಸ್ಯದ್ದು. ನನ್ನ ವಿಚಾರಣೆಗಳೆಲ್ಲ ಯಾವುದೋ ಒಂದೇ ಕಂಪನಿಯ ಕೈಗೆ ಹೋಗಬಾರದು ಅಂತ ಪೈ-ಹೋಲ್ ಜೊತೆಗೆ ಅನ್‌ಬೌಂಡ್ ಹಾಕಿದ್ದೆ. ಅದು ಡಿಎನ್‌ಎಸ್‌ನ ತುತ್ತತುದಿಯ ರೂಟ್ ಸರ್ವರ್‌ನಿಂದ ಹಿಡಿದು ವಿಳಾಸವನ್ನು ತಾನೇ ಕೇಳಿಕೊಂಡು ಬರುವ ತಂತ್ರಾಂಶ. (ಇಂಟರ್ನೆಟ್ ಕೊಡುವವರಿಗೆ ಆ ಪ್ರಶ್ನೆಗಳು ಕಾಣುತ್ತವೆ, ಅವಕ್ಕೆ ಎನ್‌ಕ್ರಿಪ್ಶನ್ ಇಲ್ಲ. ಪೂರ್ತಿ ಮರೆ ಸಿಕ್ಕಿತು ಅಂತ ಬೀಗಬೇಡಿ.) ಒಮ್ಮೆ ಐದು ದಿನ ಮನೆಗೆ ಬೀಗ ಹಾಕಿ, ಮೇನ್ ಸ್ವಿಚ್ ಆರಿಸಿ ಹೋಗಿದ್ದೆವು. ಬಂದು ಹಾಕಿದರೆ ಒಂದೂ ಸೈಟ್ ತೆರೆಯಲಿಲ್ಲ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಆರಿದ ದಿನವೇ ಇವತ್ತು ಅಂದುಕೊಂಡು ಎದ್ದಿತ್ತು. ಡಿಎನ್‌ಎಸ್ ಉತ್ತರಗಳ ಮೇಲೆ, ಅವು ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿಗೆ ತಾರೀಖು ಇರುತ್ತದೆ. ಅನ್‌ಬೌಂಡ್ ಕಣ್ಣಿಗೆ ಆ ಸಹಿಗಳೆಲ್ಲ ಮುಂದಿನ ವಾರದವು, ಹಾಗಾಗಿ ಒಂದನ್ನೂ ಒಪ್ಪಲಿಲ್ಲ. ಸಮಯ ಸರಿಮಾಡಿಕೊಳ್ಳೋಣ ಅಂದರೆ ಟೈಮ್ ಸರ್ವರ್‌ನ ವಿಳಾಸ ಬೇಕು. ವಿಳಾಸ ಬೇಕೆಂದರೆ ಡಿಎನ್‌ಎಸ್ ಬೇಕು! ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಟೈಮ್ ಸರ್ವರ್‌ಗೆ ಹೆಸರಿನ ಬದಲು ನೇರ ಐಪಿ ಸಂಖ್ಯೆ ಕೊಟ್ಟ ಮೇಲೆ ಮತ್ತೆ ಹಾಗಾಗಿಲ್ಲ.

ವಿದ್ಯುತ್ತು ಲೆಕ್ಕಕ್ಕಿಲ್ಲ. ಮೂರೂವರೆ ವ್ಯಾಟ್ ಹಿಡಿದರೂ ತಿಂಗಳಿಗೆ ಎರಡೂವರೆ ಯೂನಿಟ್. 2025ರ ಫೆಬ್ರವರಿಯಲ್ಲಿ ಬಂದ ಪೈ-ಹೋಲ್ 6ನೇ ಆವೃತ್ತಿಯಲ್ಲಿ ಬೇರೆ ವೆಬ್ ಸರ್ವರ್ ಬೇಕಿಲ್ಲ, ಇನ್ನಷ್ಟು ಹಗುರ. ಇದೊಂದೇ ಕೆಲಸಕ್ಕೆ ಪೈ 4 ಜಾಸ್ತಿಯೇ ಆಯಿತು.

ಯಾವ ವಿಮರ್ಶೆಯಲ್ಲೂ ನಾನು ಓದದ ವಿಷಯವೊಂದಿದೆ, ಆ ಲಾಗ್. ಮೊದಲ ವರ್ಷ ರಾತ್ರಿ ಊಟವಾದ ಮೇಲೆ ಅದನ್ನು ನೋಡುವುದೇ ನನಗೆ ಮನರಂಜನೆ. ಯಾವ ಆ್ಯಪ್ ಎಲ್ಲಿಗೆ ಫೋನ್ ಮಾಡುತ್ತದೆ ಅಂತ. ಒಂದು ರಾತ್ರಿ ಎರಡು ಗಂಟೆಯ ಸಾಲುಗಳಲ್ಲಿ ತಮ್ಮನ ಫೋನು. ಕೆಲಸ ಹುಡುಕುವ ಸೈಟುಗಳು, ಒಂದರ ಹಿಂದೊಂದು, ನಾಲ್ಕು ಗಂಟೆಯವರೆಗೆ. ಮಾರನೇ ರಾತ್ರಿಯೂ ಅದೇ. ಅವನು ಮನೆಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿಯೇಬಿಡೋಣ ಅಂತ ಬಾಯಿ ತೆರೆದೆ. ಕೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಏನು ಉತ್ತರ ಕೊಡಲಿ? ಟ್ರ್ಯಾಕರ್ ತಡೆಯಲು ಡಬ್ಬಿ ತಂದವನು ನಾನು.

ಸುಮ್ಮನಾದೆ. ಅವತ್ತೇ ಸಂಜೆ ಪ್ರೈವಸಿ ಲೆವೆಲ್ ಅನ್ನುವ ಸೆಟ್ಟಿಂಗ್ ಹುಡುಕಿದೆ. ಸೊನ್ನೆಯಿಂದ ಮೂರರವರೆಗೆ ಇದೆ. ಸೊನ್ನೆಯಲ್ಲಿ ಎಲ್ಲವೂ ಕಾಣುತ್ತದೆ, ನಾವು ಬದಲಿಸದಿದ್ದರೆ ಇರುವುದೂ ಅದೇ. ಎರಡಕ್ಕೆ ಇಟ್ಟರೆ ಸೈಟಿನ ಹೆಸರೂ ಕಾಣದು, ಯಾರ ಫೋನು ಅನ್ನುವುದೂ ಕಾಣದು, ಬರೀ ಲೆಕ್ಕ. ಎರಡಕ್ಕೆ ಇಟ್ಟು ಹಳೆಯ ಲಾಗನ್ನೂ ಅಳಿಸಿದೆ. ಮೂರು ತಿಂಗಳ ನಂತರ ತಮ್ಮ ತಾನಾಗಿಯೇ ಬಂದು ಹೊಸ ಕೆಲಸದ ಸುದ್ದಿ ಹೇಳಿದ. ನಾನು ಆಶ್ಚರ್ಯ ತೋರಿಸಿದೆ. ಆ ನಟನೆ ಚೆನ್ನಾಗಿರಲಿಲ್ಲ ಅಂತ ಆಮೇಲೆ ಹೇಳಿದ. ಆಗ ಎಲ್ಲ ಒಪ್ಪಿಕೊಂಡೆ.

ಲೆವೆಲ್ಲನ್ನು ಎರಡಕ್ಕೆ ಇಟ್ಟಿದ್ದರಿಂದ ಒಂದು ತೊಂದರೆಯಿದೆ. ಅಮ್ಮನ ಫೋನಿನಲ್ಲಿ ಯಾವುದಾದರೂ ಲಿಂಕ್ ತೆರೆಯದಿದ್ದರೆ ಯಾವ ಹೆಸರು ತಡೆಯಲ್ಪಟ್ಟಿದೆ ಅಂತ ಗೊತ್ತಾಗುವುದಿಲ್ಲ. ಆಗ ಲೆವೆಲ್ಲನ್ನು ಸೊನ್ನೆಗೆ ಇಳಿಸಿ ಹುಡುಕಲೇಬೇಕು. ಇಳಿಸುವ ಮೊದಲು ಮನೆಯೆಲ್ಲ ಕೇಳುವಂತೆ ಕೂಗುತ್ತೇನೆ: "ಹತ್ತು ನಿಮಿಷ ಲಾಗ್ ಆನ್!" ಒಳಕೋಣೆಯಿಂದ ತಮ್ಮನ ಉತ್ತರ ಬರುತ್ತದೆ: "ತಡಿಯೋ ಅಣ್ಣಾ, ವೈಫೈ ಆಫ್ ಮಾಡ್ಕೋತೀನಿ."